ಸ್ತ್ರೀವಾದಿ ಪ್ರಬಂಧ: ಬರವಣಿಗೆಯನ್ನೂ ಓದಬೇಕು

ಮಾನ್ಯ ಸಂಪಾದಕರೇ,

ಸ್ತ್ರೀವಾದಿ ಪ್ರಬಂಧ ಸಂಕಲನಗಳ ಮೇಲೆ ಭಾನುವಾರದ ಪುರವಣಿಗಳಲ್ಲಿ ಬರುವ ವಿಮರ್ಶೆಗಳು ಬಹುಪಾಲು ಲೇಖಕಿಯ ನಿಲುವುಗಳ ಸಾರಾಂಶದಲ್ಲೇ ಮುಗಿಯುತ್ತವೆ. ಪದವಿ ತರಗತಿಯ ನೋಟ್ಸುಗಳದೂ ಅದೇ ಪಾಡು. ನಿರೂಪಕಿ ಯಾರು, ಯಾರಿಗೆ ಹೇಳುತ್ತಿದ್ದಾಳೆ, ಯಾವ ದನಿಯಲ್ಲಿ ಎಂದು ಕತೆ, ಕವಿತೆಗಳನ್ನು ಕೇಳುವ ನಾವು ಪ್ರಬಂಧವನ್ನು ಕೇಳುವುದಿಲ್ಲ. ಕೇಳದೆ ಹೋದರೆ ವಾದವೇ ಕೈತಪ್ಪುತ್ತದೆ.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ ‘ಎ ರೂಮ್ ಆಫ್ ಒನ್ಸ್ ಓನ್’ ದೀರ್ಘ ಪ್ರಬಂಧವನ್ನೇ ನೋಡಿ. ಅಲ್ಲಿನ ‘ನಾನು’ ಕಲ್ಪಿತ ಪಾತ್ರ. ಮೇರಿ ಬೀಟನ್ ಎನ್ನಿ, ಮೇರಿ ಸೀಟನ್ ಎನ್ನಿ ಎಂದು ವುಲ್ಫ್ ಆರಂಭದಲ್ಲೇ ತಿಳಿಸುತ್ತಾರೆ. ಗಂಡಸರ ಕಾಲೇಜಿನಲ್ಲಿ ಮಧ್ಯಾಹ್ನ ಮೀನು, ಕವುಜುಗ, ವೈನ್. ಹೆಂಗಸರ ಕಾಲೇಜಿನಲ್ಲಿ ರಾತ್ರಿ ತೆಳು ಸೂಪು, ಒಣ ಪ್ಲಮ್ ಹಣ್ಣು, ಕುಡಿಯಲು ನೀರು. ಹೆಂಗಸರ ಕಾಲೇಜಿಗೆ ಹಣವೇಕಿಲ್ಲ ಎಂಬ ಪ್ರಶ್ನೆ ಏಳುವುದು ಈ ಎರಡು ಊಟಗಳಾದ ಮೇಲೆ. ಊಟದ ವಿವರ ಬಿಟ್ಟು ಸಾರಾಂಶ ಬರೆದರೆ ಬರೆಯುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡ್ ಬೇಕೆಂಬ ವುಲ್ಫ್ ಅವರ ಮಾತು ಬರೀ ಬೇಡಿಕೆಯಾಗಿ ಕೇಳಿಸುತ್ತದೆ. ಈ ಪ್ರಬಂಧದಲ್ಲಿ ಬರುವ ಶೇಕ್ಸ್‌ಪಿಯರನ ತಂಗಿ ಜುಡಿತ್‌ಳನ್ನು ಚರಿತ್ರೆಯ ವ್ಯಕ್ತಿ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವುದೂ ಇದೇ ಅವಸರದ ಫಲ. ಚರಿತ್ರೆಯಲ್ಲಿ ಜುಡಿತ್ ಎಂಬುದು ಅವನ ಮಗಳ ಹೆಸರು. ಪ್ರಬಂಧದ ಆ ತಂಗಿ ವುಲ್ಫ್ ಅವರ ಸೃಷ್ಟಿ. ದಾಖಲೆಗಳಲ್ಲಿ ಹೆಣ್ಣಿನ ಬದುಕೇ ಇಲ್ಲದಾಗ ಆ ಖಾಲಿ ಜಾಗವನ್ನು ಕಾಣಿಸಲು ಅವರು ಹೂಡಿದ ಉಪಾಯ ಅದು.

ತಾರಾಬಾಯಿ ಶಿಂಧೆ 1882ರ ಮರಾಠಿ ‘ಸ್ತ್ರೀ ಪುರುಷ ತುಲನಾ’ದಲ್ಲಿ ಗಂಡಸರನ್ನು ನೇರವಾಗಿ ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ. ಹೆಣ್ಣಿಗೆ ಅಂಟಿಸಿದ ಒಂದೊಂದು ದೋಷವನ್ನೂ ಗಂಡಿನ ಕಡೆ ತಿರುಗಿಸುತ್ತಾರೆ. ಆ ವ್ಯಂಗ್ಯವನ್ನು ಬರೀ ಸಿಟ್ಟೆಂದು ಓದಿದರೆ ತುಲನೆಯ ಬಿಗಿ ಕಾಣುವುದೇ ಇಲ್ಲ.

ಪಾಠ ಮಾಡುವವರು ಹೀಗೆ ಮಾಡಬಹುದು. ಮೊದಲ ಓದಿಗೆ ಟಿಪ್ಪಣಿ ಬೇಡ. ಎರಡನೆಯ ಓದಿನಲ್ಲಿ ಪ್ರತಿ ಪ್ಯಾರಾದ ಅಂಚಿನಲ್ಲಿ ‘ದೃಶ್ಯ’ ಅಥವಾ ‘ವಾದ’ ಎಂದು ಗುರುತಿಸಿ, ‘ನಾನು’ ಯಾವಾಗ ‘ನಾವು’ ಆಗುತ್ತದೆಂದು ಅಡಿಗೆರೆ ಎಳೆಸಿ. ಆಮೇಲೆ ಒಂದು ದೃಶ್ಯವನ್ನು ಮುಚ್ಚಿಟ್ಟು ಉಳಿದದ್ದನ್ನು ಓದಿಸಿ, ವಾದದಲ್ಲಿ ಏನು ಕಡಿಮೆಯಾಯಿತೆಂದು ಕೇಳಿ. ಅಲಂಕಾರಗಳ ಪಟ್ಟಿ ಮಾತ್ರ ಮಾಡಿಸಬೇಡಿ. ಮಕ್ಕಳು ಹೆಸರು ಉರು ಹೊಡೆಯುತ್ತಾರೆ, ಅಲಂಕಾರ ಮಾಡುವ ಕೆಲಸ ಗಮನಿಸುವುದಿಲ್ಲ. ಸಂಕಲನವಾದರೆ ಪ್ರತಿ ಪ್ರಬಂಧ ಮೊದಲು ಬಂದ ವರ್ಷವನ್ನೂ ಪುಸ್ತಕದಲ್ಲಿನ ಕ್ರಮವನ್ನೂ ಹೋಲಿಸಿ ನೋಡಬೇಕು. ಹಳೆಯದನ್ನು ಕೊನೆಗಿಟ್ಟಿದ್ದರೆ ಅದಕ್ಕೊಂದು ಕಾರಣವಿರಬಹುದು.

ನಿಮ್ಮ ಪುರವಣಿಯ ವಿಮರ್ಶಕರು ಮೂಲದಿಂದ ಕನಿಷ್ಠ ನಾಲ್ಕೈದು ಸಾಲು ಉದ್ಧರಿಸಿ, ಆ ಸಾಲುಗಳ ಬರವಣಿಗೆಯ ಬಗ್ಗೆ ಒಂದು ಪ್ಯಾರಾ ಬರೆಯಲಿ ಎಂಬುದು ನಮ್ಮ ಕೋರಿಕೆ.

– ಸಾಹಿತ್ಯ ಅಧ್ಯಾಪಕಿಯರು, ಜಯನಗರ, ಬೆಂಗಳೂರು