ನೈಟ್ ಕ್ರೀಮ್ ಡಬ್ಬಿಯ ಹಿಂಬದಿಯನ್ನೂ ಓದಬೇಕು

ಮಾನ್ಯ ಸಂಪಾದಕರೇ,

ಚರ್ಮದ ಆರೈಕೆಯ ಬಗ್ಗೆ ನಿಮ್ಮ ಪುರವಣಿಯಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಕೈಗೆಟಕುವ ಬೆಲೆಯ, ನೈಸರ್ಗಿಕ ಪದಾರ್ಥಗಳಿರುವ ನೈಟ್ ಕ್ರೀಮ್ ಯಾವುದು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಉತ್ತರವಾಗಿ ಅವರಿಗೆ ಕೆಲವು ಹೆಸರುಗಳು ಸಿಗುತ್ತವೆಯೇ ಹೊರತು, ಕೈಯಲ್ಲಿರುವ ಡಬ್ಬಿಯನ್ನು ತಾವೇ ಪರೀಕ್ಷಿಸಿ ನೋಡುವ ಬಗೆ ಸಿಗುವುದಿಲ್ಲ. ಅದನ್ನು ತಿಳಿಸಿಕೊಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿ ಇತ್ತೀಚೆಗೆ, ಯಾವುದೇ ಪ್ರಿಸರ್ವೇಟಿವ್ (ಕೆಡದಂತೆ ಕಾಪಾಡುವ ಸಂರಕ್ಷಕ) ಬಳಸಿಲ್ಲವೆಂದು ಹೆಮ್ಮೆಯಿಂದ ಬರೆದಿದ್ದ ಒಂದು ಕ್ರೀಮ್ ಕೊಂಡಳು. ಮೂರನೆಯ ವಾರ ಮುಚ್ಚಳ ತೆಗೆದಾಗ ಅದರ ಒಳ ಅಂಚಿನಲ್ಲಿ ಬೂದುಬಣ್ಣದ ನವಿರಾದ ಬೂಷ್ಟು ಕಂಡಿತು. ಚಮಚದ ಹಿಂಬದಿಯಿಂದ ಅದನ್ನು ಕೆರೆದು ಉಳಿದದ್ದನ್ನು ಹಚ್ಚಿಕೊಳ್ಳುತ್ತೇನೆಂದು ಅವಳು ಹೊರಟಿದ್ದಳು, ನಾನು ತಡೆದೆ. ಪದಾರ್ಥಗಳಲ್ಲಿ ಮೊದಲನೆಯದು ನೀರು, ಎರಡನೆಯದು ಲೋಳೆಸರದ ರಸ. ನೀರಿನಂಶವಿರುವ ಯಾವುದೇ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯಬಲ್ಲವು, ಕಣ್ಣಿಗೆ ಕಾಣದ ಹಂತದಲ್ಲೂ ಅವು ಕ್ರೀಮಿನೊಳಗೆ ಹರಡಿರಬಹುದು. ಅಂಥ ಕ್ರೀಮಿನಲ್ಲಿ ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸೋರ್ಬೇಟ್‌ನಂಥ ಸಂರಕ್ಷಕಗಳು ಮಿತವಾದ ಪ್ರಮಾಣದಲ್ಲಿರುವುದು ದೋಷವಲ್ಲ, ಅಗತ್ಯ. ವಿಟಮಿನ್ ಇ ಆ ಕೆಲಸ ಮಾಡುವುದಿಲ್ಲ. ಅದು ಎಣ್ಣೆ ಕಮಟಾಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೆ.

ಇನ್ನು ಡಬ್ಬಿಯ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದುವ ವಿಚಾರ. ಹೆಚ್ಚು ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ನಂತರ ಎಂಬುದು ಅನೇಕ ದೇಶಗಳಲ್ಲಿರುವ ನಿಯಮ. ಶೇ 1ಕ್ಕಿಂತ ಕಡಿಮೆ ಇರುವವುಗಳನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಯುರೋಪಿನಲ್ಲಿ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಶೇ 1ರ ಮಿತಿಯಿದೆ. ಆದ್ದರಿಂದ ಡಬ್ಬಿಯ ಮುಂಬದಿಯಲ್ಲಿ ಬಾದಾಮಿಯ ದೊಡ್ಡ ಚಿತ್ರವಿದ್ದು, ಹಿಂಬದಿಯಲ್ಲಿ ಬಾದಾಮಿ ಎಣ್ಣೆಯ ಹೆಸರು ಈ ಸಂರಕ್ಷಕದ ನಂತರ ಬಂದರೆ, ಒಳಗಿರುವುದು ಹೆಸರಿಗಷ್ಟೇ ಇರುವ ಬಾದಾಮಿ ಎಂದು ತಿಳಿಯಬಹುದು. ಸಸ್ಯಗಳ ಹೆಸರುಗಳು ಲ್ಯಾಟಿನ್‌ನಲ್ಲಿರುವುದರಿಂದ ಸಾಮಾನ್ಯ ಓದುಗರು ಅಲ್ಲಿಗೇ ಕೈಚೆಲ್ಲುತ್ತಾರೆ. ಪುರವಣಿ ನೆರವಿಗೆ ಬರಬೇಕಾದದ್ದು ಇಲ್ಲಿಯೇ.

ಕಡಿಮೆ ಬೆಲೆಯೆಂದರೆ ಕಡಿಮೆ ಗುಣವೆಂಬ ಅಳುಕು ಬೇಡ. ತೇವವನ್ನು ಹಿಡಿದಿಡುವ ಗ್ಲಿಸರಿನ್, ಚರ್ಮವನ್ನು ಮೃದುಗೊಳಿಸುವ ಶಿಯಾ ಬೆಣ್ಣೆ, ಇದ್ದ ತೇವ ಆವಿಯಾಗದಂತೆ ಮೇಲೆ ಪದರ ಕಟ್ಟುವ ಜೇನುಮೇಣ, ಇವು ಮೂರೂ ಇದ್ದರೆ ಒಣಚರ್ಮದವರ ರಾತ್ರಿಯ ಆರೈಕೆ ಬಹುಮಟ್ಟಿಗೆ ನಡೆದಂತೆಯೇ. ಸಸ್ಯದ ಎಣ್ಣೆಗಳಿಂದಲೇ ತಯಾರಿಸಬಹುದಾದ ಗ್ಲಿಸರಿನ್ ಅಗ್ಗದ ಪದಾರ್ಥ, ಮತ್ತು ಅದರ ಗುಣ ಚೆನ್ನಾಗಿ ಸಾಬೀತಾದದ್ದು. ಇದಕ್ಕೆ ಬದಲಾಗಿ, ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್ ಆದ ಕೊಲಾಜನ್ ಹೆಸರಿನಲ್ಲಿ ಹೆಚ್ಚು ಹಣ ತೆರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅಣುಗಳ ತೂಕ ಅಳೆಯುವ ಮಾನ ಡಾಲ್ಟನ್. ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಚರ್ಮದ ಹೊರಪದರವನ್ನು ದಾಟುವುದು ಕಷ್ಟ. ಕೊಲಾಜನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಅದು ಮೇಲೆಯೇ ಉಳಿದು ತೇವ ಕಾಪಾಡಬಹುದು, ಆದರೆ ಆ ಕೆಲಸಕ್ಕೆ ಗ್ಲಿಸರಿನ್ ಸಾಕು.

ನೈಸರ್ಗಿಕವಾದದ್ದೆಲ್ಲ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ಲ್ಯಾವೆಂಡರ್ ಮತ್ತು ನಿಂಬೆ ಜಾತಿಯ ಸುಗಂಧ ತೈಲಗಳಲ್ಲಿರುವ ಲಿನಲೂಲ್, ಲಿಮೋನೀನ್ ಗಾಳಿಗೆ ತೆರೆದುಕೊಂಡಂತೆ ಅಲರ್ಜಿ ಉಂಟುಮಾಡಬಲ್ಲ ರೂಪಕ್ಕೆ ತಿರುಗುತ್ತವೆ. ಮೊಡವೆ ಏಳುವ ಚರ್ಮಕ್ಕೆ ತೆಂಗಿನೆಣ್ಣೆ, ಕೋಕೋ ಬೆಣ್ಣೆ ಭಾರವಾಗಬಹುದು. ಹೊಸ ಕ್ರೀಮನ್ನು ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ, ತುರಿಕೆ ಅಥವಾ ಕೆಂಪು ಕಾಣಿಸದಿದ್ದರೆ ಮಾತ್ರ ಮುಖಕ್ಕೆ ಬಳಸುವುದು ಒಳ್ಳೆಯದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು, ಒಂದೇ ವಾರದಲ್ಲಿ ಬಣ್ಣ ತಿಳಿಯಾಗಿಸುತ್ತೇವೆಂದು ಗಿಡಮೂಲಿಕೆಯ ಹೆಸರಿನಲ್ಲಿ ಮಾರಾಟವಾಗುವ, ಪದಾರ್ಥಗಳ ಪಟ್ಟಿಯೇ ಇಲ್ಲದ ಅಗ್ಗದ ರಾತ್ರಿ ಕ್ರೀಮುಗಳು. ಇಂಥವುಗಳಲ್ಲಿ ಪಾದರಸ ಅಥವಾ ತೀವ್ರ ಸ್ಟಿರಾಯ್ಡ್ ಬೆರೆತಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಪಾದರಸ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಮತ್ತು ನಿಲ್ಲಿಸಿದೊಡನೆ ಮುಖ ಮೊದಲಿಗಿಂತ ಹೆಚ್ಚು ಕೆಂಪೇರಿ ಉರಿಯುವುದರಿಂದ ಬಳಸಿದವರು ಮತ್ತೆ ಅದೇ ಡಬ್ಬಿಗೆ ಮರಳುತ್ತಾರೆ. 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಪಾದರಸ ಬೆರೆಸಿದ ಸೌಂದರ್ಯವರ್ಧಕಗಳನ್ನು ನಿಲ್ಲಿಸಲು ಗಡುವು ವಿಧಿಸಿದೆ; ಆದರೂ ಮಾರಾಟ ಪೂರ್ತಿಯಾಗಿ ನಿಂತಿಲ್ಲ. ಈಗಾಗಲೇ ಇಂಥ ಕ್ರೀಮ್ ಬಳಸುತ್ತಿರುವವರು ನಾಚಿಕೆಪಡದೆ ಡಬ್ಬಿಯ ಸಮೇತ ಚರ್ಮವೈದ್ಯರ ಬಳಿಗೆ ಹೋಗಲಿ ಎಂಬುದು ನನ್ನ ಕಳಕಳಿಯ ವಿನಂತಿ.

ಪುರವಣಿಯಲ್ಲಿ ಯಾವುದೇ ನೈಟ್ ಕ್ರೀಮನ್ನು ಹೆಸರಿಸುವಾಗ ಅದರ ಪದಾರ್ಥಗಳ ಪಟ್ಟಿಯನ್ನೂ, ಸಸ್ಯಗಳ ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಕನ್ನಡದ ಹೆಸರನ್ನೂ, ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬುದನ್ನೂ, ಡಬ್ಬಿಯ ಬೆಲೆಯ ಬದಲು ಗ್ರಾಮಿಗೆ ಬೀಳುವ ಬೆಲೆಯನ್ನೂ ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು