ಐವತ್ತು ಕುರ್ಚಿ ಸಾಕು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತದೆ ಅನ್ನುವ ಮಾತು ಬೆಂಗಳೂರಿನ ಮಟ್ಟಿಗೆ ಇನ್ನೂ ಸುಳ್ಳಾಗಿಲ್ಲ. ಈ ಸಲ ನಾನು ಊರಿಗೆ ಹೋದದ್ದು ಆ ಚಳಿ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿಗೆ. ಬೆಳಗ್ಗೆ ಆರಕ್ಕೆ ಸ್ವೆಟರ್ ಬೇಕು. ಹನ್ನೊಂದಕ್ಕೆ ಅದನ್ನೇ ಸೊಂಟಕ್ಕೆ ಸುತ್ತಿಕೊಂಡು ಎಳನೀರಿನ ಗಾಡಿ ಹುಡುಕಬೇಕು. ನೀವೆಲ್ಲ ಇಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಕೂತಿರುವಾಗ ಇದನ್ನು ಬರೆದು ಹೊಟ್ಟೆ ಉರಿಸುವುದು ನನ್ನ ಉದ್ದೇಶವಲ್ಲ. ಅಲ್ಲಿ ಕಳೆದ ಒಂದು ವಾರಾಂತ್ಯ ಇಲ್ಲಿನ ನಮ್ಮ ಕನ್ನಡ ಕೂಟದ ಕಮಿಟಿಯ ಜೊತೆ ಒಂದು ಸಣ್ಣ ಜಗಳ ತೆಗೆಯಲು ಕಾರಣ ಕೊಟ್ಟಿದೆ. ಅದಕ್ಕೇ ಈ ಸಂಪಾದಕೀಯ.

ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗುವುದು ಡಿಸೆಂಬರ್‌ನಲ್ಲಿ. ಮಕ್ಕಳಿಗೆ ಆಗಲೇ ರಜ. ಹೋದಮೇಲೆ ಮದುವೆ, ಗೃಹಪ್ರವೇಶ, ಬ್ಯಾಂಕು, ಹಲ್ಲಿನ ಡಾಕ್ಟರು. ಒಂದು ಸಂಗೀತ ಕಚೇರಿ ಕೇಳೋಣ ಅಂದರೆ ಒಳ್ಳೊಳ್ಳೆಯ ಕಲಾವಿದರೆಲ್ಲ ಚೆನ್ನೈನ ಸಂಗೀತ ಸೀಸನ್‌ಗೆ ಹೋಗಿರುತ್ತಾರೆ. ಫೆಬ್ರವರಿಯಲ್ಲಿ ಹಾಗಲ್ಲ. ಅವರೂ ಊರಲ್ಲೇ ಇರುತ್ತಾರೆ, ಕೇಳುವವರಿಗೂ ಬಿಡುವು. ಪುರಂದರದಾಸರ ಆರಾಧನೆ ಪಂಚಾಂಗದ ಪ್ರಕಾರ ಪುಷ್ಯ ಅಮಾವಾಸ್ಯೆಗೆ. ಆದರೆ ಬೆಂಗಳೂರಿನಲ್ಲಿ ಅದು ಒಂದೇ ದಿನಕ್ಕೆ ಮುಗಿಯುವ ಬಾಬತ್ತಲ್ಲ. ಆ ಬಡಾವಣೆಯವರು ಈ ಭಾನುವಾರ, ಈ ಬಡಾವಣೆಯವರು ಮುಂದಿನ ಭಾನುವಾರ ಅಂತ ಹಂಚಿಕೊಂಡು ಹಾಡುತ್ತಲೇ ಇರುತ್ತಾರೆ. ತ್ಯಾಗರಾಜರ ಆರಾಧನೆಯದೂ ಅದೇ ಕಥೆ. ಇದರ ಮೇಲೆ ಶಿವರಾತ್ರಿಯ ಜಾಗರಣೆ. ಅದು ಕಳೆದು ಯುಗಾದಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಯ ಸಂಗೀತದ ಚಪ್ಪರ. ಅದು 1939ರಿಂದ ನಡೆದುಕೊಂಡು ಬಂದದ್ದು.

ಶನಿವಾರ ಸಂಜೆ ಹನುಮಂತನಗರದಲ್ಲಿ ಒಂದು ಗುಡಿಗೆ ಅಂಟಿಕೊಂಡ ಸಣ್ಣ ಹಾಲ್‌ಗೆ ಹೋದೆ. ಪ್ಲಾಸ್ಟಿಕ್ ಕುರ್ಚಿ, ಮುಂದೆ ಜಮಖಾನ, ಮೂಲೆಯಲ್ಲಿ ಗರಗರ ಅನ್ನುವ ಫ್ಯಾನು. ಬಂದವರು ಐವತ್ತು ಅರವತ್ತು ಜನ ಇರಬಹುದು. ಐದೂವರೆಗೆ ಅಂತ ಹೇಳಿದ್ದರು, ಐದೂವರೆಗೇ ಶುರುವಾಯಿತು. ಅದಕ್ಕೂ ಮುಂಚೆ ಮೃದಂಗದ ಹುಡುಗ ಶ್ರುತಿ ಮಾಡಿಕೊಳ್ಳುತ್ತಿದ್ದ. ಎಡಗಡೆಗೆ ನೀರಲ್ಲಿ ಕಲಸಿದ ರವೆಯ ಮುದ್ದೆ ಮೆತ್ತಿ, ಹೆಬ್ಬೆರಳಿನಿಂದ ಹರಡಿ, ಒಂದು ಸಲ ತಟ್ಟಿ ನೋಡಿದ. ಮುಖ ಸಿಂಡರಿಸಿದ. ಉಗುರಿನಲ್ಲಿ ಒಂಚೂರು ಕಿತ್ತು ಪಕ್ಕದ ಬಟ್ಟೆಗೆ ಒರೆಸಿ ಮತ್ತೆ ತಟ್ಟಿದ. ಆಮೇಲೆ ಬಲಗಡೆಯ ಅಂಚಿಗೆ ಕಲ್ಲಿನಿಂದ ಕುಟ್ಟುತ್ತಾ, ಬೆರಳಿಟ್ಟು ಕೇಳುತ್ತಾ, ಸುತ್ತಲೂ ಒಂದು ಸುತ್ತು ಬಂದ.

ಮುಂದಿನ ಸಾಲಿನ ಅಜ್ಜಿಯೊಬ್ಬರು ಕೂತಲ್ಲಿಂದಲೇ ಕೇಳಿದರು: “ರವೆ ಮಿಕ್ಕಿದ್ರೆ ಕೊಡಪ್ಪಾ, ಕಚೇರಿ ಮುಗಿಯೋಷ್ಟರಲ್ಲಿ ಉಪ್ಪಿಟ್ಟು ಮಾಡ್ಕೊಂಡು ಬರ್ತೀನಿ.”

“ಈರುಳ್ಳಿ ಹಾಕ್ಬೇಡಿ ಅಜ್ಜಿ, ಗುಡಿ ಇದು,” ಅಂದ ಅವನು, ಕುಟ್ಟುವುದನ್ನು ನಿಲ್ಲಿಸದೆ.

ಹಾಡಿದವರು ದೊಡ್ಡ ಹೆಸರಿನವರಲ್ಲ. ಪಕ್ಕದ ಬಡಾವಣೆಯಲ್ಲಿ ಪಾಠ ಹೇಳುವ ಟೀಚರ್ ಅಂತ ಆಮೇಲೆ ಗೊತ್ತಾಯಿತು. ತೋಡಿ ರಾಗವನ್ನು ಆತುರವಿಲ್ಲದೆ ಬಿಡಿಸಿದರು. ಪಿಟೀಲಿನವರು ಒಂದು ಕಡೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದರು, ಟೀಚರ್ ನಕ್ಕು ತಲೆಯಾಡಿಸಿದರು. ಎರಡನೇ ಸಾಲಿನಲ್ಲಿ ಕೂತವರಿಗೆ ಆ ನಗು ಕಂಡಿತು. ನಮ್ಮ ಬ್ಯಾಂಕ್ವೆಟ್ ಹಾಲ್‌ನಲ್ಲಿ ಅಂಥದ್ದು ಕಾಣಲು ಪರದೆಯ ಮೇಲೆ ಕ್ಯಾಮೆರಾದವನ ಕೃಪೆ ಬೇಕು. ಮೃದಂಗ ಒಂದೇ ನುಡಿಯುವ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದುಹೋಗುವವರು ಮಾತ್ರ ಅಲ್ಲೂ ಇದ್ದಾರೆ. ಈ ರೋಗಕ್ಕೆ ಯಾವ ದೇಶದಲ್ಲೂ ಮದ್ದಿಲ್ಲ.

ಕೊನೆಗೆ ಕಾರ್ಯದರ್ಶಿಗಳು ಬಂದು ನಾಲ್ಕು ಮಾತು ಹೇಳಿದರು. ಹೂವಿನ ಹಾರ ಇಲ್ಲ. ಒಂದು ಹಣ್ಣಿನ ತಟ್ಟೆ, ಒಂದು ಕವರ್. ಮುಂದಿನ ತಿಂಗಳು ಯಾರು ಹಾಡುತ್ತಾರೆ ಅನ್ನುವುದನ್ನು ಎರಡೆರಡು ಸಲ ಹೇಳಿದರು. ಬಾಗಿಲ ಹತ್ತಿರ ಒಂದು ಹುಂಡಿ ಇತ್ತು. ಹಾಕಿದವರು ಹಾಕಿದರು, ಹಾಕದವರನ್ನು ಯಾರೂ ನೋಡಲಿಲ್ಲ.

ಈ ಊರಿನಲ್ಲಿ ಇದು ಹಳೆಯ ಅಭ್ಯಾಸ. ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರದ್ದು. ಅಲ್ಲಿ ಒಂದು ದಿನ ಉಪನ್ಯಾಸ, ಇನ್ನೊಂದು ದಿನ ಸಂಗೀತ, ಮತ್ತೊಂದು ದಿನ ಸಿನಿಮಾ. ಟಿಕೆಟ್ ಅನ್ನುವ ಮಾತೇ ಇಲ್ಲ. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಹಾಲ್ 1980ರಲ್ಲಿ ಬಂತು. ಅದು ದೊಡ್ಡದು, ಫೋಟೋಗೆ ಚೆಂದ. ನಿಜವಾಗಿ ಊರಿನ ಕಿವಿ ಪಳಗಿದ್ದು ಮಾತ್ರ ಇಂಥ ಗುಡಿ ಪಕ್ಕದ ಹಾಲ್‌ಗಳಲ್ಲಿ ಅಂತ ನನ್ನ ಲೆಕ್ಕ. ಜಗಳಕ್ಕೆ ಬರುವವರು ಬರಬಹುದು.

ಅದೇ ರಾತ್ರಿ ತಮ್ಮನ ಮಗ ಇಂದಿರಾನಗರಕ್ಕೆ ಎಳೆದುಕೊಂಡು ಹೋದ. “ದೊಡ್ಡಪ್ಪ, ನೀವು ಬರೀ ಪಿಟೀಲು ಕೇಳ್ಕೊಂಡು ವಾಪಸ್ ಹೋಗ್ಬೇಡಿ” ಅಂದ. ಒಂದು ಬ್ರೂವರಿಯ ಮಹಡಿ, ಕಿವಿ ಕಿತ್ತುಹೋಗುವ ಸದ್ದು, ನೀರಿನ ಬಾಟಲಿಗೆ ಕೇಳಿದ ಬೆಲೆ ಹೇಳಿದರೆ ನಮ್ಮಮ್ಮ ಊಟ ಬಿಡುತ್ತಾರೆ. ಅಲ್ಲಿ ಗಿಟಾರ್ ಹಿಡಿದ ಹುಡುಗರು ಇದ್ದಕ್ಕಿದ್ದಂತೆ ಶಿಶುನಾಳ ಶರೀಫರ ತತ್ವಪದ ಎತ್ತಿಕೊಂಡರು. ಸಿ. ಅಶ್ವಥ್ ಮನೆಮನೆಗೆ ಮುಟ್ಟಿಸಿದ ಶರೀಫರು ರಘು ದೀಕ್ಷಿತರಂಥವರ ಕೈಯಲ್ಲಿ ಗಿಟಾರ್‌ಗೆ ಬಂದು ಎಷ್ಟೋ ವರ್ಷವಾಯಿತು, ಅದು ಹೊಸದಲ್ಲ. ಹೊಸದು ಅಂದರೆ ಆ ಮಹಡಿಯ ಜನ. ಪಕ್ಕದ ಟೇಬಲ್‌ನವರು ತಮ್ಮತಮ್ಮಲ್ಲಿ ಹಿಂದಿಯಲ್ಲೂ ತೆಲುಗಿನಲ್ಲೂ ಮಾತಾಡುತ್ತಿದ್ದರು, ಪಲ್ಲವಿ ಬಂದಾಗ ಎಲ್ಲರೂ ಸೇರಿ ಹಾಡಿದರು. ಉಚ್ಚಾರ ಕೇಳಬೇಡಿ.

ಭಾನುವಾರ ಸಿನಿಮಾ. ಬನಶಂಕರಿ ಎರಡನೇ ಹಂತದ ಸುಚಿತ್ರಾ ನಿಮ್ಮಲ್ಲಿ ಕೆಲವರಿಗೆ ಕಾಲೇಜು ದಿನಗಳ ಜಾಗ. 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ ಅದು. ಊರಿನ ಥಿಯೇಟರ್‌ಗಳಿಗೆ ಬಾರದ ಸಿನಿಮಾಗಳನ್ನು ಸದಸ್ಯರ ಚಂದಾ ಹಣದಲ್ಲಿ ತರಿಸಿ ತೋರಿಸಿದವರು. ನಮ್ಮ ಹೊಸ ಅಲೆಯ ನಿರ್ದೇಶಕರು ಹೊರದೇಶದ ಚಿತ್ರ ನೋಡಿದ್ದೂ, ಅದನ್ನು ನೋಡಿ ಜಗಳ ಆಡಿದ್ದೂ ಇಂಥ ಸೊಸೈಟಿಗಳಲ್ಲೇ. ಈಗ ಎಲ್ಲವೂ ಫೋನಿನಲ್ಲಿ ಸಿಗುತ್ತದೆ, ಸೊಸೈಟಿ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಅಂಥವರು ಯಾವುದಾದರೂ ಫಿಲ್ಮ್ ಸೊಸೈಟಿಯ ಒಂದು ಪ್ರದರ್ಶನಕ್ಕೆ ಹೋಗಿ, ಸಿನಿಮಾ ಮುಗಿದಮೇಲೆ ಅರ್ಧ ಗಂಟೆ ಕೂತು ಬರಲಿ. ದೀಪ ಹಾಕುತ್ತಾರೆ, ಯಾರೂ ಏಳುವುದಿಲ್ಲ. ಒಬ್ಬರು ಸಿನಿಮಾಕ್ಕಿಂತ ಉದ್ದದ ಪ್ರಶ್ನೆ ಕೇಳುತ್ತಾರೆ. ಇನ್ನೊಬ್ಬರು “ಕೊನೆಯ ಶಾಟ್ ಬೇಕಿರಲಿಲ್ಲ” ಅನ್ನುತ್ತಾರೆ. ಹಿಂದಿನ ಸಾಲಿನ ಹುಡುಗಿ “ಅದೇ ಸಾರ್ ಸಿನಿಮಾ” ಅಂತ ಸಿಟ್ಟಾಗುತ್ತಾಳೆ. ಫೋನಿನಲ್ಲಿ ಸಿಗದೇ ಇರುವುದು ಈ ಸಿಟ್ಟು.

ಇದೇ ಋತುವಿನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವೂ ಬರುತ್ತದೆ. 2024ರಲ್ಲಿ ಫೆಬ್ರವರಿ 29ರಿಂದ, 2025ರಲ್ಲಿ ಮಾರ್ಚ್ 1ರಿಂದ ನಡೆಯಿತು. ಎರಡೂ ಸಲ ರಾಜಾಜಿನಗರದ ಓರಾಯನ್ ಮಾಲ್‌ನಲ್ಲಿ. ಕೊರಳಿಗೆ ಪಾಸ್ ನೇತುಹಾಕಿಕೊಂಡ ಮಾತ್ರಕ್ಕೆ ಸೀಟು ಸಿಕ್ಕಿತು ಅಂದುಕೊಳ್ಳಬೇಡಿ. ಹೆಸರುವಾಸಿ ಚಿತ್ರ ಇದ್ದರೆ ಗಂಟೆ ಮುಂಚೆ ಕ್ಯೂ. ಆ ಕ್ಯೂನಲ್ಲಿ ನಿವೃತ್ತ ಬ್ಯಾಂಕ್ ಮೇನೇಜರ್, ಡಿಪ್ಲೊಮಾ ಓದುವ ಹುಡುಗ, ಧಾರಾವಾಹಿಯ ಸಹಾಯಕ ನಿರ್ದೇಶಕ ಎಲ್ಲರೂ ಒಂದೇ. ಡಬ್ಬಿಯಲ್ಲಿ ಚಪಾತಿ ತಂದು ಎರಡು ಸಿನಿಮಾ ನಡುವೆ ಮಾಲ್‌ನ ಮೆಟ್ಟಿಲ ಮೇಲೆ ತಿನ್ನುವವರನ್ನೂ ಅಲ್ಲಿ ನೋಡಬಹುದು.

ದಿನಾಂಕದ ವಿಷಯಕ್ಕೆ ಬಂದರೆ, ಮಾರ್ಚ್ 3 ನಮ್ಮ ಕೂಟದ ಕ್ಯಾಲೆಂಡರ್‌ನಲ್ಲಿ ಇಲ್ಲವೇ ಇಲ್ಲ. 1934ರ ಆ ದಿನ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಚಿತ್ರೀಕರಣ ಆದದ್ದು ಕೊಲ್ಹಾಪುರದಲ್ಲಿ. ಜನ ಮುಗಿಬಿದ್ದದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಮೆಜೆಸ್ಟಿಕ್ ಕಡೆ ಹೋದರೆ ಈಗ ಕಪಾಲಿ ಥಿಯೇಟರ್ ಇಲ್ಲ. ರೆಕ್ಸ್ 2018ರ ಕೊನೆಗೆ ಮುಚ್ಚಿತು, ಕಾವೇರಿ 2024ರಲ್ಲಿ. ಒಂದೇ ಪರದೆಯ ಥಿಯೇಟರ್ ಹೋದದ್ದಕ್ಕೆ ಅಳುವುದು ನಮ್ಮ ವಾಟ್ಸಾಪ್ ಗುಂಪಿನ ನಿತ್ಯದ ಕೆಲಸ. ಫಿಲ್ಮ್ ಸೊಸೈಟಿಗಳವರು ಅಳುತ್ತಾ ಕೂರದೆ ಪ್ರೊಜೆಕ್ಟರ್ ಬಾಡಿಗೆಗೆ ತಂದರು.

ಈಗ ಜಗಳಕ್ಕೆ ಬರುತ್ತೇನೆ.

ನಮ್ಮ ಕೂಟ ವರ್ಷಕ್ಕೊಂದು ದೊಡ್ಡ ಸಂಜೆ ಮಾಡುತ್ತದೆ. ರಾಜ್ಯೋತ್ಸವ ಅಂತ ಹೆಸರು, ಹಾಲ್ ಸಿಕ್ಕಿದಾಗ ತಾರೀಖು. ಊರಿನಿಂದ ಒಬ್ಬ ತಾರೆ ಬರಬೇಕು. ಅವರಿಗೆ ವೀಸಾ, ವಿಮಾನ, ಹೋಟೆಲ್, ಜೊತೆಗೆ ಬರುವ ನಾಲ್ಕು ಜನಕ್ಕೂ ಅದೇ. ಐದು ಗಂಟೆ ಅಂದರೆ ಆರೂವರೆ. ವೇದಿಕೆಯ ಮೇಲೆ ಶಾಲು, ಪೇಟ, ಫಲಕ, ಭಾಷಣ. ತಾರೆ ಮೈಕ್ ಹಿಡಿಯುವ ಹೊತ್ತಿಗೆ ಮಕ್ಕಳು ಕುರ್ಚಿಯ ಮೇಲೆ ನಿದ್ದೆ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದಮೇಲೆ ಬಂದವರನ್ನು ಯಾರೇ ಆಗಲಿ ಒಳಗೆ ಬಿಡುವುದಿಲ್ಲ. 2004ರಲ್ಲಿ ಬಾಗಿಲು ತೆರೆದಾಗಿನಿಂದ ಆ ನಿಯಮ ಪಾಲಿಸಿಕೊಂಡು ಬಂದಿದ್ದಾರೆ, ಜನ ಬೈಯುತ್ತಲೇ ಬೇಗ ಬರುವುದು ಕಲಿತರು. ನಮ್ಮಲ್ಲಿ ಹಾಗೆ ಬಾಗಿಲು ಹಾಕಿದರೆ ಮೊದಲು ಹೊರಗೆ ಉಳಿಯುವವರು ಕಮಿಟಿಯವರೇ ಅಲ್ವಾ?

ದೊಡ್ಡ ಸಂಜೆಗಳು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವಥ್ ಹಾಡಿದ ‘ಕನ್ನಡವೇ ಸತ್ಯ’ಕ್ಕೆ ಹೋದವರು ಇವತ್ತಿಗೂ ಅದರ ಮಾತು ಬಂದರೆ ದನಿ ಏರಿಸುತ್ತಾರೆ. ಆದರೆ ಅಲ್ಲಿ ಸೇರಿದ ಜನ ಆ ಹಾಡುಗಳನ್ನು ಅದಕ್ಕೂ ಮುಂಚೆ ಎಷ್ಟೋ ವರ್ಷ ಸಣ್ಣ ಸಣ್ಣ ಕಡೆ ಕೇಳಿದ್ದವರು. ಶಾಲೆಯ ಹಜಾರ, ಗಣೇಶನ ಪೆಂಡಾಲ್, ಮನೆಯ ಕ್ಯಾಸೆಟ್. ನಮ್ಮ ಮಕ್ಕಳಿಗೆ ಆ ಮುಂಚಿನ ವರ್ಷಗಳೇ ಇಲ್ಲ. ನೇರವಾಗಿ ಜಾತ್ರೆಗೆ ಕರೆದುಕೊಂಡು ಹೋಗಿ ತೇರು ಯಾಕೆ ಎಳೆಯಲ್ಲ ಅಂತ ಗದರುತ್ತೇವೆ.

ಹಾಗಾಗಿ ಕಮಿಟಿಯ ಮುಂದೆ ನನ್ನ ಬೇಡಿಕೆ ಇಷ್ಟು. ತಿಂಗಳಿಗೆ ಒಂದು ಶನಿವಾರ, ಇಲ್ಲಿನ ಪಬ್ಲಿಕ್ ಲೈಬ್ರರಿಯ ಕೆಳಮಹಡಿಯ ಕೋಣೆ. ಬಾಡಿಗೆ ಇಲ್ಲ, ಐವತ್ತು ಕುರ್ಚಿ ಇವೆ. ಒಂದು ತಿಂಗಳು ಸಂಗೀತ, ಇನ್ನೊಂದು ತಿಂಗಳು ಸಿನಿಮಾ. ಹಾಡಲು ಊರಿನಿಂದ ಯಾರೂ ಬರಬೇಕಾಗಿಲ್ಲ. ನಮ್ಮ ನಡುವೆಯೇ ಪಾಠ ಹೇಳುವ ಟೀಚರ್‌ಗಳು ಇದ್ದಾರೆ. ಅವರನ್ನು ನಾವು ಇಷ್ಟು ವರ್ಷ ಪ್ರಾರ್ಥನೆ ಹಾಡಿಸಲು ಮಾತ್ರ ಕರೆದಿದ್ದೇವೆ. ಅವರು ಎರಡು ಗಂಟೆ ಹಾಡಲಿ, ಕವರ್‌ನಲ್ಲಿ ಮರ್ಯಾದೆಗೆ ತಕ್ಕ ಹಣ ಇಡೋಣ.

ಸಿನಿಮಾ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಯ ಓಟಿಟಿ ಖಾತೆ ತೆರೆದು ಪರದೆಗೆ ಬಿಟ್ಟರೆ ಆಗುವುದಿಲ್ಲ. ಆ ಚಂದಾ ಮನೆಯಲ್ಲಿ ನೋಡುವುದಕ್ಕೆ. ನಾಲ್ಕು ಜನ ಸೇರುವ ಜಾಗದಲ್ಲಿ ತೋರಿಸಲು ನಿರ್ಮಾಪಕರ ಅಥವಾ ವಿತರಕರ ಅನುಮತಿ ಬೇರೆಯೇ ಬೇಕು. ಸಣ್ಣ ಬಜೆಟ್ಟಿನ ಕನ್ನಡ ಚಿತ್ರ ಮಾಡಿದವರಿಗೆ ನೇರವಾಗಿ ಬರೆದು ಕೇಳೋಣ. ಜೊತೆಗೆ ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿಯನ್ನೇ ಕೇಳಬೇಕು. ಇಲ್ಲದಿದ್ದರೆ ಹದಿನಾಲ್ಕು ವರ್ಷದವರು ಹತ್ತು ನಿಮಿಷಕ್ಕೆ ಫೋನ್ ತೆಗೆಯುತ್ತಾರೆ, ಅದು ಅವರ ತಪ್ಪಲ್ಲ. ಮುಗಿದಮೇಲೆ ಅರ್ಧ ಗಂಟೆ ಮಾತು ಕಡ್ಡಾಯ. ಉದ್ದದ ಪ್ರಶ್ನೆ ಕೇಳುವವರು ನಮ್ಮಲ್ಲೂ ಧಾರಾಳವಾಗಿ ಇದ್ದಾರೆ.

ಮೊದಲ ಕಚೇರಿಗೆ ಏಪ್ರಿಲ್‌ನ ಎರಡನೇ ಶನಿವಾರ ಕೋಣೆ ಕಾದಿರಿಸಿದ್ದೇನೆ, ಸಂಜೆ ಐದೂವರೆಗೆ. ಐದೂ ನಲವತ್ತಕ್ಕೆ ಬಾಗಿಲು ಹಾಕುವ ಜವಾಬ್ದಾರಿ ನನ್ನದು, ಅಧ್ಯಕ್ಷರು ಬಂದರೂ ಅಷ್ಟೆ. ಡಿಕಾಕ್ಷನ್ ಹಾಕಿ ತರಲು ಇಬ್ಬರು ಬೇಕು, ಜಮಖಾನ ಯಾರ ಮನೆಯಲ್ಲಾದರೂ ಇದ್ದರೆ ಅದೂ ಬೇಕು. ಹೆಸರು ಕೊಡುವವರು ಈ ತಿಂಗಳೊಳಗೆ ತಿಳಿಸಿ.