ಕೆಂಚಿಯನ್ನು ಉಳಿಸಿಕೊಟ್ಟವರಿಗೆ

ನಿನ್ನೆ ಸಂಜೆ ನಮ್ಮ ಬೀದಿ ನಾಯಿ ಕೆಂಚಿ ವಾಪಸ್ ಬಂದಳು. ವ್ಯಾನಿನ ಬಾಗಿಲು ತೆಗೆದದ್ದೇ ತಡ, ಜಿಗಿದು ಸೀದಾ ಮೂಲೆ ಅಂಗಡಿಯ ಕಟ್ಟೆ ಕೆಳಗೆ ಹೋಗಿ ಮಲಗಿದಳು. ಇಪ್ಪತ್ತಾರು ದಿನ ಎಲ್ಲಿಗೂ ಹೋಗೇ ಇರಲಿಲ್ಲ ಅನ್ನೋ ಹಾಗೆ. ಮೈಸೂರು ಕುವೆಂಪುನಗರದ ನಮ್ಮ ಬೀದಿಯವರೆಲ್ಲರ ಪರವಾಗಿ ಪ್ರಾಣಿ ಆಶ್ರಯದವರಿಗೆ ನಾಲ್ಕು ಮಾತು ಹೇಳಬೇಕಿದೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಮಳೆ ಶುರುವಾದಾಗ ಅವಳ ಕಿವಿ ಹಿಂದೆ ಸಣ್ಣ ಗಾಯ ಆಗಿತ್ತು. ತಾನೇ ನೆಕ್ಕಿ ವಾಸಿ ಮಾಡಿಕೊಳ್ಳುತ್ತೆ ಬಿಡಿ ಅಂದುಕೊಂಡೆವು. ಕಿವಿ ಹಿಂದಕ್ಕೆ ನಾಲಿಗೆ ಹೋಗಲ್ಲ ಅಲ್ವಾ, ಅದು ನಮಗೆ ಹೊಳೆಯಲೇ ಇಲ್ಲ. ನೊಣ ಕೂತು ಮೊಟ್ಟೆ ಇಟ್ಟಿವೆ. ನಾಲ್ಕೇ ದಿನದಲ್ಲಿ ಹುಳ, ಹತ್ತಿರ ಹೋಗಲಾಗದ ವಾಸನೆ. ಒಬ್ಬರು ಸೀಮೆಎಣ್ಣೆ ಸುರಿಯಿರಿ ಅಂದರು, ಇನ್ನೊಬ್ಬರು ಫಿನಾಯಿಲ್ ಅಂದರು. ನಾನು ಫಿನಾಯಿಲ್ ಬಾಟಲಿ ಕೈಲಿ ಹಿಡಿದೇ ಆಶ್ರಯಕ್ಕೆ ಫೋನ್ ಮಾಡಿದ್ದು. "ಅದನ್ನ ಮೊದಲು ಕೆಳಗಿಡಿ ಮೇಡಂ. ಚರ್ಮ ಸುಟ್ಟುಹೋಗುತ್ತೆ, ಹೊಟ್ಟೆಗೆ ಹೋದರೆ ವಿಷ" ಅಂತ ಆ ಕಡೆಯ ಹುಡುಗ ಹೆಚ್ಚುಕಮ್ಮಿ ಬೈದೇಬಿಟ್ಟ. ಬೈದಿದ್ದಕ್ಕೆ ಥ್ಯಾಂಕ್ಸ್ ಕಣಪ್ಪ.

ಮಾರನೇ ದಿನ ನೋಡಲು ಹೋಗಿದ್ದೆ. ಡಾಕ್ಟರಮ್ಮ ಹತ್ತಿಗೆ ಟರ್ಪೆಂಟೈನ್ ಹನಿಸಿ ಗಾಯದ ಬಾಯಿಗೆ ಇಟ್ಟರು. ಹುಳಗಳು ಉಸಿರುಗಟ್ಟಿ ಮೇಲಕ್ಕೆ ಬರುತ್ತವಂತೆ. (ಇದನ್ನೂ ಮನೆಯಲ್ಲಿ ಮಾಡಬೇಡಿ, ಎಷ್ಟು ಹಾಕಬೇಕು ಅನ್ನೋದು ಅವರಿಗೇ ಗೊತ್ತು.) ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಸ್ಟೀಲ್ ತಟ್ಟೆಗೆ ಹಾಕುತ್ತಾ ಹೋದರು. ನೂರರವರೆಗೆ ಎಣಿಸಿದೆ, ಆಮೇಲೆ ನನ್ನ ಕೈಲಾಗಲಿಲ್ಲ, ಆಚೆ ಬಂದೆ. ಅಷ್ಟು ಹೊತ್ತೂ ಅಲ್ಲಿನ ಆಯಾ ಒಬ್ಬರು ಕೆಂಚಿಯ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು "ಆಯ್ತು ಮಗಳೇ, ಆಯ್ತು" ಅಂತಿದ್ದರು. ಆಗಿರಲಿಲ್ಲ. ಒಂದು ವಾರ ದಿನವೂ ಇದೇ ಕೆಲಸ. ಆ ಆಯಮ್ಮನ ಹೆಸರು ಕೇಳೋದನ್ನೇ ಮರೆತೆ, ಅದೊಂದು ಬೇಜಾರು.

ಗಾಯ ಮಾಗಿದ ಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ ಕಳಿಸಿದ್ದಾರೆ. ಒಂದು ಕಿವಿಯ ತುದಿ ಕತ್ತರಿಸಿರೋದು ಅದರ ಗುರುತು, ಯಾರೂ ಗಾಬರಿಯಾಗಬೇಡಿ. "ಅಲ್ಲೇ ಇಟ್ಕೋಬಾರದಿತ್ತಾ" ಅಂತ ಕೇಳಿದವರಿಗೆ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಅಷ್ಟಕ್ಕೂ ಇವಳು ಜಾಗ ಖಾಲಿ ಮಾಡಿದರೆ ಇನ್ನೊಂದು ಬಂದು ಸೇರುತ್ತೆ, ಲಸಿಕೆ ಇಲ್ಲದ್ದು.

ಖರ್ಚು ಎಷ್ಟಾಯ್ತು ಅಂದರೆ ಅವರು ಸರಿಯಾಗಿ ಹೇಳಲೇ ಇಲ್ಲ. ನಾವು ಒಟ್ಟು ಮಾಡಿ ಕೊಟ್ಟಿದ್ದು ಔಷಧಿಗೂ ಸಾಲದು ಅಂತ ನನಗೆ ಗೊತ್ತು. ಕೇಳಿದ್ದು ಹಳೇ ಪೇಪರ್ ಮತ್ತು ಹಳೇ ಬೆಡ್‌ಶೀಟ್, ಗೂಡುಗಳಲ್ಲಿ ದಿನಾ ಹಾಸೋಕೆ. ಶನಿವಾರ ಒಯ್ಯುತ್ತಿದ್ದೇನೆ, ಇದ್ದವರು ಮೂಲೆ ಅಂಗಡಿಯಲ್ಲಿ ಕೊಟ್ಟಿರಿ. ಜಿಪ್ಪು, ಗುಂಡಿ ಇರೋದು ಬೇಡವಂತೆ, ಕಿತ್ತು ನುಂಗುತ್ತವೆ.